ಮೂಗಿನ ಹೊಳ್ಳೆಯಲ್ಲಿ ಮಸಿ

"ಇಲಿ ಬೀಳೋದು ನಿಂತ್ರೆ ಇವನ ಒಲೆ ಉರಿಯಾಕಿಲ್ಲ ಕಣ್ರಪ್ಪ. ಅದಕ್ಕೇ ಇವನೇ ತಂದು ಆಕ್ತಾವ್ನೆ."

ಗುರುಮಲ್ಲಪ್ಪ ಇದನ್ನು ಗುಟ್ಟಾಗಿ ಹೇಳಲಿಲ್ಲ. ಹುಣಸೂರಿನ ಗಾಡಿ ಬೀದಿ ಈ ತುದಿಯಿಂದ ಆ ತುದಿಯವರೆಗೂ ಕೇಳಿಸಿಕೊಳ್ಳಲಿ ಎಂದೇ ಹೇಳಿದರು. ಹನ್ನೆರಡು ಜೋಡಿ ಎತ್ತು, ಕೊಡಗಿನವರೆಗೆ ಓಡಾಡುವ ಗಾಡಿಗಳು, ಮುನಿಸಿಪಾಲಿಟಿಯಲ್ಲಿ ಒಂದು ಕುರ್ಚಿ. ಅಂಥವರ ಗಂಟಲು ಯಾಕೆ ತಗ್ಗುತ್ತದೆ?

ಚಿಕ್ಕಸಿದ್ದಮ್ಮನ ಮನೆಯ ಮುಂದೆ ನಲವತ್ತು ಜನ ಸೇರಿದ್ದರು. ಹೊಸ್ತಿಲ ಮೇಲೆ ಸೋಮಯ್ಯ ನಿಂತಿದ್ದ. ಎಡಗೈಯಲ್ಲಿ ಮುಚ್ಚಳದ ಡಬ್ಬ, ಬಲಗೈಯಲ್ಲಿ ಇಕ್ಕಳ. ಇಕ್ಕಳದ ತುದಿಯಲ್ಲಿ ಸತ್ತ ಇಲಿಯೊಂದು ಬಾಲದಿಂದ ನೇತಾಡುತ್ತಿತ್ತು.

"ಇವನ ವಾಸ್ನೆ ತಡೀನಾರದೆ ಸಾಯ್ತಾವೆ ಬುಡಿ ಅವು," ಎಂದರು ಗುರುಮಲ್ಲಪ್ಪ ಮತ್ತೆ.

ಜನ ನಕ್ಕರು. ಮೂಗಿಗೆ ಸೆರಗು ಒತ್ತಿಕೊಂಡಿದ್ದ ಹೆಂಗಸರು ಸೆರಗಿನೊಳಗೇ ನಕ್ಕರು.

ಸೋಮಯ್ಯನ ಕಿವಿ ಕಾದವು. ಆ ಇಲಿಯನ್ನು ಬೀಸಿ ಗುರುಮಲ್ಲಪ್ಪನವರ ಜರಿ ಪೇಟದ ಮೇಲೆ ಎಸೆಯಬೇಕೆಂದು ಅವನ ಮೊಣಕೈವರೆಗೂ ಬಂದಿತ್ತು. ಎಸೆಯಲಿಲ್ಲ. ಇಲಿಯನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದ.

ಅವನಿಗೆ ಇಪ್ಪತ್ತಮೂರು ವರ್ಷ. ನಾಲ್ಕನೆಯ ಕ್ಲಾಸಿನಲ್ಲಿ ಸ್ಲೇಟು ಬಿಸಾಡಿ ಬಂದವನು. ಮೂರು ವರ್ಷದಿಂದ ಪ್ಲೇಗಿನ ಹಂಗಾಮಿ ಜವಾನ. ಮನೆಮನೆಗೆ ಬೋನು ಇಡುವುದು, ಬಿದ್ದದ್ದನ್ನು ಎತ್ತುವುದು, ಊರಾಚೆ ಒಯ್ದು ಸುಡುವುದು, ಇಷ್ಟೇ ಅವನ ಉದ್ಯೋಗ. ಇಲಿ ಬೀಳುವುದು ನಿಂತ ತಿಂಗಳೇ ಹಂಗಾಮಿಯವರನ್ನು ಮನೆಗೆ ಕಳಿಸುತ್ತಾರೆ. ಹಾಗಾಗಿ ಗುರುಮಲ್ಲಪ್ಪ ಬೈದದ್ದನ್ನು ಕೇಳಿದವರಿಗೆ ಅದು ನಿಜವೇ ಇರಬೇಕು ಅನ್ನಿಸುವಂತಿತ್ತು. ಅವನಿಗೆ ಹೆಚ್ಚು ಉರಿದದ್ದು ಅದಕ್ಕೇ.

ಒಂದು ತಿಂಗಳೊಳಗೆ ಈ ಬೀದಿಯಲ್ಲಿ ಇದು ಇಲಿ ಬಿದ್ದ ಮೂರನೆಯ ಮನೆ. ಮೊದಲು ಮಲ್ಲಾಜಮ್ಮನದು, ಆಮೇಲೆ ಗಾಡಿಚಕ್ರಕ್ಕೆ ಪಟ್ಟಿ ಹೊಡೆಯುವ ಲತೀಫ್ ಸಾಬರದು. ಆದರೆ ಈ ಮೂರು ಮನೆಗಳಲ್ಲಿ ಒಬ್ಬರಿಗೂ ಜ್ವರವಿಲ್ಲ, ಕಂಕುಳಲ್ಲಿ ಗಡ್ಡೆಯಿಲ್ಲ. ಪ್ಲೇಗು ಬಂದ ಮನೆ ಹಾಗಿರುವುದಿಲ್ಲ ಎಂದು ಸೋಮಯ್ಯ ಎರಡು ವಾರದಿಂದ ಬಾಯಿ ಬಡಿದುಕೊಳ್ಳುತ್ತಿದ್ದ. ಡಬ್ಬ ಹೊರುವವನ ಮಾತನ್ನು ಯಾರು ಕೇಳುತ್ತಾರೆ?

ಕಾಯಿದೆ ಕೇಳಿಸಿಕೊಳ್ಳುವುದಿಲ್ಲ. ಸತ್ತ ಇಲಿ ಕಂಡ ಮನೆ ಹೊತ್ತು ಮುಳುಗುವುದರೊಳಗೆ ಖಾಲಿಯಾಗಬೇಕು. ಹೆಂಚು ಇಳಿಸಿ ಗೋಡೆಗೆ ಬಿಸಿಲು ಬಿಡಬೇಕು. ಮನೆಯವರು ಹೊಳೆಯಾಚೆಯ ತಡಿಕೆ ಗುಡಿಸಲುಗಳಲ್ಲಿ ಒಂದು ತಿಂಗಳು ಕಳೆಯಬೇಕು. ಮಲ್ಲಾಜಮ್ಮನ ಮೊಮ್ಮಗು ಆ ಗುಡಿಸಲಲ್ಲಿ ಆರನೆಯ ದಿನ ಸತ್ತಿತು. ಪ್ಲೇಗಿನಿಂದಲ್ಲ, ಪುಷ್ಯದ ಚಳಿಯಿಂದ.

ಇವತ್ತು ಈ ಮನೆಯೊಳಗೆ ಚಿಕ್ಕಸಿದ್ದಮ್ಮನ ಮಗಳು ಮಂಗಳಗೌರಿ ಒಂಬತ್ತು ದಿನದ ಬಾಣಂತಿಯಾಗಿ ಮಲಗಿದ್ದಳು.

ಚಿಕ್ಕಸಿದ್ದಮ್ಮ ಅಳಲಿಲ್ಲ. ಸೋಮಯ್ಯನ ಅಂಗಿಯ ತುದಿ ಹಿಡಿದುಕೊಂಡಳು. ಅವನ ಅಂಗಿಯನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

"ಕೂಸಿನ ಒಕ್ಕಳು ಇನ್ನೂ ಒಣಗಿಲ್ಲ ಕಣಪ್ಪ ಸೋಮಯ್ಯ. ಆ ಗುಡ್ಲಿಗೆ ಓದ್ರೆ ಇದೂ ಉಳಿಯಾಕಿಲ್ಲ."

ಹೆಲ್ತ್ ಇನ್‌ಸ್ಪೆಕ್ಟರು ಗೋವಿಂದಯ್ಯನವರು ಸಂಜೆ ಐದಕ್ಕೆ ಏಣಿ, ಆಳುಗಳ ಸಮೇತ ಬರುವವರಿದ್ದರು. ಈಗ ಹತ್ತು ಗಂಟೆ.

ಸೋಮಯ್ಯ ಡಬ್ಬ ಹಿಡಿದು ಮನೆಯ ಒಳಗಿಂದಲೇ ಹಿತ್ತಿಲಿಗೆ ನಡೆದ.

ಬಚ್ಚಲ ಬಾಗಿಲಲ್ಲಿ ಅವನ ತಾಯಿ ಚಾಮುಂಡಮ್ಮ ಕೈ ಒರೆಸಿಕೊಳ್ಳುತ್ತಿದ್ದಳು. ಈ ಭಾಗದ ಬಾಣಂತಿಯರಿಗೆ ನೀರು ಹಾಕುವವಳು ಅವಳೇ. ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಿಡಿಯುವ ಆ ಕೈಗೆ ಬೀದಿಬೀದಿಯಲ್ಲಿ ಹೆಸರಿತ್ತು. ಪಕ್ಕದಲ್ಲಿ ಅವಳ ಕುಕ್ಕೆಯಿತ್ತು, ಎಣ್ಣೆ ಬಟ್ಟಲು, ಅರಿಶಿನದ ಗಂಟು, ಹಳೆಯ ಬಟ್ಟೆಗಳಿಂದ ತುಂಬಿ.

ಬೀದಿಯಲ್ಲಿ ಆಡಿದ ಮಾತು ಹಿತ್ತಿಲಿಗೂ ಬಂದಿರಬೇಕು. ಅವಳು ಮಗನ ಮುಖ ನೋಡಿದಳು. ಜನರ ಬಾಯಿಗೆ ತಲೆ ಕೆಡಿಸಿಕೊಳ್ಳಬೇಡ ಎಂದಷ್ಟೇ ಹೇಳಿ ಒಳಗೆ ಹೋದಳು. ಅವನ ಮೈ ನಾರುತ್ತದೆ ಎಂದು ಮೂರು ವರ್ಷದಲ್ಲಿ ಒಂದು ದಿನವೂ ಹೇಳದಿದ್ದವಳು ಅವಳೊಬ್ಬಳೇ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೋಮಯ್ಯ ಬಿಳಿಯ ಪಂಚೆಯ ತುಂಡು ಹಾಸಿ, ಡಬ್ಬವನ್ನು ಬೋರಲು ಮಾಡಿದ.

ಮೂರು ಇಲಿಗಳು ಒಂದರ ಮೇಲೊಂದು ಬಿದ್ದವು. ಹೊಟ್ಟೆ ಉಬ್ಬಿತ್ತು. ಒಂದರ ಬಾಯಿಂದ ಹಳದಿ ನೀರು ಜಿನುಗಿ ಬಟ್ಟೆಗೆ ಹತ್ತಿತು. ಆ ವಾಸನೆ ಮೂಗಿಗಿಂತ ಮುಂಚೆ ನಾಲಗೆಗೆ ಬರುತ್ತದೆ, ಕೊಳೆತ ಬೆಲ್ಲದ ಹಾಗೆ ಸಿಹಿಯಾಗಿ. ಮೂರು ವರ್ಷವಾದರೂ ಅವನು ಅದಕ್ಕೆ ಒಗ್ಗಿರಲಿಲ್ಲ.

ಅವನು ಕಾದು ನೋಡಿದ. ಪ್ಲೇಗಿನ ಇಲಿಯನ್ನು ಬಿಳಿ ಬಟ್ಟೆಯ ಮೇಲೆ ಹಾಕಿದರೆ ಚಿಗಟಗಳು ಎಳ್ಳು ಚೆಲ್ಲಿದ ಹಾಗೆ ಹಾರುತ್ತವೆ. ಅದಕ್ಕೇ ಅವನು ದಿನಾ ಮೊಣಕಾಲವರೆಗೆ ಹೊಂಗೆ ಎಣ್ಣೆ ಬಳಿದುಕೊಂಡು ಬರುತ್ತಿದ್ದದ್ದು. ಇಲ್ಲಿ ಒಂದೂ ಹಾರಲಿಲ್ಲ.

ಬಾಲ ಎಳೆದು ಅಳೆದ. ಮನೆ ಇಲಿಯ ಬಾಲ ಮೈಗಿಂತ ಉದ್ದ; ಅಟ್ಟ, ತೊಲೆ ಹತ್ತುವ ಪ್ರಾಣಿಗೆ ಅದು ಬೇಕು. ಇವುಗಳ ಬಾಲ ಗಿಡ್ಡ, ದಪ್ಪ. ಉಗುರಿನ ಸಂದಿಯಲ್ಲಿ ಕಪ್ಪು ಜೇಡಿ ಮಣ್ಣು.

ಇವು ಗದ್ದೆ ಇಲಿಗಳು. ಊರ ನಡುವಿನ ಮನೆಯೊಳಗೆ, ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದೆ, ಮೂರು ಗದ್ದೆ ಇಲಿಗಳು ಒಟ್ಟಿಗೆ ಬಂದು ಸತ್ತವೇ?

ಮೊದಲೆರಡು ಮನೆಗಳಲ್ಲಿ ಅವನಿಗೆ ಇಷ್ಟು ಹೊತ್ತು ಸಿಕ್ಕಿರಲಿಲ್ಲ. ಅವನು ಬರುವುದರೊಳಗೆ ಜನ ಇಲಿಗಳ ಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ್ದರು. ಇವತ್ತು ಬೇಗ ಬಂದಿದ್ದ.

ಅವನು ಹಿತ್ತಿಲ ಗೋಡೆಯ ಕಡೆ ನೋಡಿದ. ಗೋಡೆಯಾಚೆ ಗುರುಮಲ್ಲಪ್ಪನವರ ಎತ್ತಿನ ಕೊಟ್ಟಿಗೆ. ಮಲ್ಲಾಜಮ್ಮನ ಹಿತ್ತಿಲಾಚೆಯೂ ಅದೇ ಕೊಟ್ಟಿಗೆ, ಲತೀಫ್ ಸಾಬರ ಕುಲುಮೆಯ ಹಿಂದೆಯೂ ಅದೇ. ಕೊಟ್ಟಿಗೆ ಸಾಲದು, ಈ ಹಿತ್ತಿಲುಗಳನ್ನು ಬಿಟ್ಟುಕೊಡಿ ಎಂದು ಗುರುಮಲ್ಲಪ್ಪ ಮೂವರನ್ನೂ ಕೇಳಿದ್ದರು. ಮೂವರೂ ಒಪ್ಪಿರಲಿಲ್ಲ. ಹೆಂಚು ಇಳಿಸಿದ ಮನೆಯ ಮಣ್ಣಿನ ಗೋಡೆ ಒಂದು ಮಳೆಗೆ ಕೂರುತ್ತದೆ. ಆಮೇಲೆ ಹಿತ್ತಿಲಿಗೆ ಬೆಲೆಯೇನು?

ಸೋಮಯ್ಯನಿಗೆ ಹೆಚ್ಚುಕಡಿಮೆ ಖುಷಿಯಾಯಿತು. ಬೀದಿಯಲ್ಲಿ ನಿಂತು ತನ್ನನ್ನು ಕಳ್ಳನೆಂದ ಬಾಯಿಗೇ ಈ ಮೂರನ್ನೂ ತುರುಕುವ ಹೊತ್ತು ಬಂತು ಅಂದುಕೊಂಡ. ಸಿಟ್ಟು ಬಂದಾಗ ಮನುಷ್ಯನಿಗೆ ತನಗೆ ಬೇಕಾದವನೇ ಕಳ್ಳನಾಗಿ ಕಾಣುತ್ತಾನೆ.

ಸಾವು ಹೇಗೆ ಬಂತೆಂದು ನೋಡುವುದೊಂದು ಉಳಿದಿತ್ತು. ಕುತ್ತಿಗೆ ಮುರಿದಿರಲಿಲ್ಲ, ಬೋನಿನ ತಂತಿಯ ಗುರುತಿರಲಿಲ್ಲ. ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಒಂದರ ಮೂಗಿನ ಹೊಳ್ಳೆಗೆ ಒತ್ತಿದ. ಬಟ್ಟೆ ಕಪ್ಪಾಗಿ ಬಂತು. ಬಾಯಿ ತೆರೆದರೆ ನಾಲಗೆಯ ಮೇಲೂ ಮಸಿ. ಹೊಗೆ ಹಾಕಿ ಕೊಂದ ಇಲಿ. ಆ ಹೊಗೆಗೇ ಚಿಗಟಗಳೂ ಸತ್ತಿದ್ದವು.

ಗದ್ದೆಯ ಬದುಗಳಲ್ಲಿ ಇಲಿ ಹಿಡಿಯುವವರು ಮಡಕೆಯಲ್ಲಿ ಹುಲ್ಲು, ಬೆರಣಿ ಉರಿಸಿ ಬಿಲದೊಳಗೆ ಹೊಗೆ ಊದುತ್ತಾರೆ. ಹಾಗೆ ಹಿಡಿಯುವವರು ಸುತ್ತಮುತ್ತ ಹತ್ತಾರು ಜನ. ಇದು ಯಾರ ಮಡಕೆ?

ಸೋಮಯ್ಯ ಉಸಿರು ಬಿಗಿಹಿಡಿದು, ಯಾವ ಮನುಷ್ಯನೂ ಮಾಡಬಾರದ ಕೆಲಸ ಮಾಡಿದ. ಆ ಉಬ್ಬಿದ ಇಲಿಯ ಮೂತಿಯನ್ನು ತನ್ನ ಮೂಗಿನ ಹತ್ತಿರ ತಂದು ಮೂಸಿದ.

ಕೊಳೆತ ಸಿಹಿಯ ಅಡಿಯಲ್ಲಿ ಬೇರೊಂದು ಘಾಟು ಇತ್ತು. ಹುಲ್ಲಿನದಲ್ಲ, ಬೆರಣಿಯದಲ್ಲ. ಹೊಗೆಸೊಪ್ಪಿನ ಒಣ ದಂಟಿನ ಘಾಟು.

ಹೊಗೆಸೊಪ್ಪಿನ ದಂಟನ್ನು ಮಡಕೆಗೆ ಹಾಕುವವನು ಹುಣಸೂರಿನ ಸುತ್ತ ಒಬ್ಬನೇ. ಸೋಮಯ್ಯನ ಸೋದರಮಾವ ಮುದ್ದಯ್ಯ.

ಗುರುಮಲ್ಲಪ್ಪನ ಆಳುಗಳು ಮಾವನ ಹತ್ತಿರ ಇಲಿ ತೆಗೆದುಕೊಂಡಿದ್ದಾರೆ ಎಂದುಕೊಂಡು, ಇಲಿಗಳ ಮೇಲೆ ಡಬ್ಬ ಕವುಚಿಟ್ಟು ಸೋಮಯ್ಯ ಓಡಿದ.

ಕಟ್ಟೆಮಳಲವಾಡಿ ಕಡೆಯ ಗದ್ದೆ ಬಯಲಿಗೆ ಕಾಲೆಳೆದು ನಡೆದರೆ ಎರಡು ಗಂಟೆ. ಅವನು ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿತ್ತು. ಕೊಯ್ಲು ಮುಗಿದ ಗದ್ದೆಯ ಬದುವಿನಲ್ಲಿ ಮುದ್ದಯ್ಯ ಮಕಾಡೆ ಮಲಗಿ, ಮಡಕೆಯ ಬಾಯನ್ನು ಬಿಲಕ್ಕೆ ಒತ್ತಿ, ತಳದ ತೂತಿನಿಂದ ಊದುತ್ತಿದ್ದ. ಮಿಕ್ಕ ಬಿಲಗಳಿಗೆಲ್ಲ ಕೆಸರು ಮೆತ್ತಿದ್ದ. ಪಕ್ಕದಲ್ಲಿ ಇಲಿಗಳು ಕೂಡಿಟ್ಟಿದ್ದ ತೆನೆಯ ರಾಶಿ. ಬಿಲದಲ್ಲಿ ಸಿಕ್ಕ ತೆನೆ ಬಿಲ ಅಗೆದವನದೇ, ಗದ್ದೆಯ ಒಡೆಯ ಕೇಳುವಂತಿಲ್ಲ. ಮುದ್ದಯ್ಯ ವರ್ಷದ ಅರ್ಧ ಅನ್ನ ತಿನ್ನುತ್ತಿದ್ದದ್ದು ಇಲಿಯ ದುಡಿಮೆಯಿಂದ.

ತೆರೆದ ಒಂದು ಬಾಯಿಂದ ಇಲಿಯೊಂದು ಕುಡಿದವನ ಹಾಗೆ ತೂರಾಡುತ್ತ ಬಂತು. ಮುದ್ದಯ್ಯ ಎದ್ದು ಕೋಲಿನಿಂದ ಒತ್ತಿದ. ಕಣ್ಣು ಕೆಂಡ, ಮೀಸೆಯೆಲ್ಲ ಮಸಿ.

"ಏನ್ಲಾ ಅಳಿಯ, ಮುನಿಸಿಪಾಲ್ಟಿಯೋರು ಗದ್ದೇಗೂ ಬಂದ್ರಾ?"

"ನಿನ್ತಾವ ಇಲಿ ಯಾರು ತಕ್ಕಂಡೋದ್ರು ಮಾವ?"

"ಯಾವ ಇಲಿ?"

"ನಿನ್ ಮಡಕೆ ಹೊಗೇಲಿ ಸತ್ತವು. ಗುರುಮಲ್ಲಪ್ಪನ ಆಳು ಬಂದಿದ್ನಾ?"

ಮುದ್ದಯ್ಯ ನಕ್ಕ. "ಗುರುಮಲ್ಲಪ್ಪಂಗೆ ಇಲಿ ಯಾಕ್ಲಾ? ಅವ್ರ ಮನೇಲಿ ಕೋಳಿ ಮುಗುದೋದ್ವಾ?"

"ತಮಾಸೆ ಬ್ಯಾಡ. ಯಾರು ಅಂತ ಏಳು."

"ನಿಮ್ಮವ್ವ ಕಣ್ಲಾ."

ಬಿಲದ ಬಾಯಿಂದ ಹೊಗೆ ಸುಮ್ಮನೆ ಏಳುತ್ತಿತ್ತು. ಸೋಮಯ್ಯ ಮಾವನ ಮುಖವನ್ನೇ ನೋಡಿದ. ಅಲ್ಲಿ ಸುಳ್ಳು ಇರಲಿಲ್ಲ. ಅಕ್ಕ ಕೇಳಿದ್ದನ್ನು ಕೊಟ್ಟ ತಮ್ಮನ ಮುಖ ಅದು.

ಮುದ್ದಯ್ಯ ಮಿಕ್ಕದ್ದನ್ನು ಮಡಕೆ ತಟ್ಟುತ್ತ ಹೇಳಿದ. ಈ ತಿಂಗಳಲ್ಲಿ ಅಕ್ಕ ಮೂರು ಸಲ ಬಂದಿದ್ದಳಂತೆ. ಬಾಣಂತಿಯರ ಸೊಂಟದ ನೋವಿಗೆ ಇಲಿಯ ಕೊಬ್ಬಿನ ಎಣ್ಣೆ ಕಾಯಿಸುತ್ತೇನೆ ಅಂದಳಂತೆ. ಕುಕ್ಕೆಯಲ್ಲಿ ಹಾಕಿ ಮೇಲೆ ಬಟ್ಟೆ ಮುಚ್ಚಿಕೊಂಡು ಹೋದಳಂತೆ. ನಿನ್ನೆ ಸಂಜೆಯೂ ಬಂದಿದ್ದಳು.

"ನಿನ್ನೆ ಎಷ್ಟು ಕೊಟ್ಟೆ?"

"ಆರು."

ವಾಡೆಯ ಹಿಂದೆ ಸಿಕ್ಕಿದ್ದು ಮೂರು.

"ಯಾಕ್ಲಾ, ಕೊಡಬಾರದಿತ್ತಾ?" ಎಂದ ಮುದ್ದಯ್ಯ. ಅವನ ದನಿ ಈಗ ಬದಲಾಗಿತ್ತು. "ಅವಳು ಒಂದ್ ಮಾತಂದ್ಲು. ಇಲಿ ಬೀಳೋದು ನಿಂತ್ರೆ ನನ್ ಮಗನ್ನ ಕೆಲಸದಿಂದ ತೆಗೀತಾರೆ. ತೆಗುದ್ರೆ ಅವನು ಅವರಪ್ಪನಂಗೆ ಮರ ಕಡಿಯಾಕೆ ಕಾಡಿಗೆ ಓಯ್ತಾನೆ. ಓದೋರು ಬರಾಕಿಲ್ಲ ಅಂತ. ನಂಗೇನು ಗೊತ್ತು, ಹೆಂಗಸು ಅಳ್ತಾವ್ಳೆ ಅನ್ಕಂಡು ಸುಮ್ಕಾದೆ."

ಸೋಮಯ್ಯನ ಅಪ್ಪ ವೀರನಹೊಸಹಳ್ಳಿಯಾಚೆಯ ಕಾಡಿಗೆ ಮರ ಕಡಿಯಲು ಹೋಗಿದ್ದ. ಅವನನ್ನು ತಂದದ್ದು ಕಂಬಳಿಯಲ್ಲಿ ಸುತ್ತಿ. ಆನೆ ತುಳಿದ ಮೈಯನ್ನು ಹೆಂಡತಿಗೆ ಬಿಚ್ಚಿ ತೋರಿಸಲಿಲ್ಲ. ಸೋಮಯ್ಯ ಸ್ಲೇಟು ಬಿಸಾಡಿದ್ದು ಆ ವಾರವೇ. ಇಲಿಯ ಕೆಲಸ ಸಿಗುವ ಮುಂಚೆ ಅವನೂ ಕಾಡಿಗೆ ಹೊರಟು ನಿಂತಿದ್ದ. ಅವತ್ತು ಚಾಮುಂಡಮ್ಮ ಬಾಗಿಲಿಗೆ ಅಡ್ಡ ಮಲಗಿದ್ದಳು.

ಅವನಿಗೆ ಒಂದೊಂದಾಗಿ ಕಂಡಿತು. ಮೂರು ಮನೆಗಳ ಹಿಂದೆಯೂ ಗುರುಮಲ್ಲಪ್ಪನ ಕೊಟ್ಟಿಗೆ ಇದ್ದದ್ದನ್ನು ನೋಡಿದ್ದ, ಮೂರು ಮನೆಗಳ ಒಳಗೂ ತೊಟ್ಟಿಲು ಕಟ್ಟಿದ್ದನ್ನು ನೋಡಿರಲಿಲ್ಲ. ಮಲ್ಲಾಜಮ್ಮನ ಸೊಸೆ. ಲತೀಫ್ ಸಾಬರ ಹೆಂಡತಿ ಖುರ್ಷೀದಾ. ಮಂಗಳಗೌರಿ. ಮೂವರಿಗೂ ನೀರು ಹಾಕಿದ್ದು ಒಂದೇ ಕೈ. ಬಾಣಂತಿಯ ಕೋಣೆಯವರೆಗೆ ಯಾರೂ ತಡೆಯದ, ಯಾರೂ ಕುಕ್ಕೆ ತೆರೆದು ನೋಡದ ಹೆಂಗಸು ಊರಿನಲ್ಲಿ ಅವಳೊಬ್ಬಳೇ.

ಮಲ್ಲಾಜಮ್ಮನ ಮೊಮ್ಮಗು ಸತ್ತಾಗ ಅದಕ್ಕೆ ಕೊನೆಯ ನೀರು ಹೊಯ್ದವಳೂ ಅವಳೇ. ಎರಡು ದಿನ ಊಟ ಬಿಟ್ಟಿದ್ದಳು. ಅವ್ವನ ಕರುಳು ದೊಡ್ಡದು ಅಂದುಕೊಂಡು ಸೋಮಯ್ಯ ತಾನೇ ಮುದ್ದೆ ಮಾಡಿ ಉಣ್ಣಿಸಿದ್ದ. ಅದಾದ ಮೇಲೆಯೂ ಅವಳು ಎರಡು ಸಲ ಕುಕ್ಕೆ ಹಿಡಿದು ಈ ಗದ್ದೆಗೆ ಬಂದಿದ್ದಳು.

ಸೋಮಯ್ಯ ಕಾಲುವೆಯ ಅಂಚಿಗೆ ಹೋದ. ನೀರಲ್ಲಿ ಕೈ ತೊಳೆದ, ಮಣ್ಣು ಹಚ್ಚಿ ಮತ್ತೆ ತೊಳೆದ. ಅವನ ಮೈಮೇಲಿನ ಅಂಗಿ, ದಿನಾ ಉಂಡ ಮುದ್ದೆ, ಎಲ್ಲವೂ ಆ ಕುಕ್ಕೆಯೊಳಗಿಂದ ಬಂದವು ಅನ್ನಿಸಿತು. ನಾರುತ್ತಾನೆ ಎಂದು ಬೀದಿಯವರು ನಕ್ಕದ್ದು ಏನೂ ಸಾಲದು.

ಮುದ್ದಯ್ಯ ಏನಾಯಿತೆಂದು ಕೇಳುತ್ತಲೇ ಇದ್ದ. ಸೋಮಯ್ಯ ಆಗಲೇ ಬದು ಇಳಿದು ಊರಿನ ದಾರಿ ಹಿಡಿದಿದ್ದ. ಸುಮ್ಮನಿದ್ದರೆ ಒಂಬತ್ತು ದಿನದ ಕೂಸು ಗುಡಿಸಲಿಗೆ ಹೋಗುತ್ತದೆ. ಬಾಯಿಬಿಟ್ಟರೆ ಅವ್ವ ಜೈಲಿಗೆ ಹೋಗುತ್ತಾಳೆ. ದಾರಿಯುದ್ದಕ್ಕೂ, ಆಮೇಲೆ ಊರ ಹೊರಗೆ ಬಿಸಿಲು ಇಳಿಯುವವರೆಗೆ ಕೂತು, ಅವನು ಇವೆರಡನ್ನೇ ತಿರುಗಿಸಿ ಮುರುಗಿಸಿ ನೋಡಿದ.

ಅವನು ಬೀದಿಗೆ ಬರುವಷ್ಟರಲ್ಲಿ ಗೋವಿಂದಯ್ಯನವರು ಬಂದಾಗಿತ್ತು. ಗೋಡೆಗೆ ಏಣಿ ಚಾಚಿತ್ತು. ಆಳೊಬ್ಬ ಸೂರಿನ ಅಂಚಿನ ಹೆಂಚಿಗೆ ಕೈ ಹಾಕಿದ್ದ. ಮುಂದೆ ಒಂದು ಗಾಡಿ, ಅದರೊಳಗೆ ಹುಲ್ಲಿನ ಮೇಲೆ ಮಂಗಳಗೌರಿ, ಕಿವಿಗೆ ಬಟ್ಟೆ ಬಿಗಿದುಕೊಂಡು ನಡುಗುತ್ತ. ಜಗಲಿಯ ಮೇಲೆ ಚಾಮುಂಡಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆಚ್ಚಗೆ ಸುತ್ತುತ್ತಿದ್ದಳು. ಎಷ್ಟು ನಯವಾಗಿ ಸುತ್ತುತ್ತಿದ್ದಳೆಂದರೆ ಸೋಮಯ್ಯ ಮುಖ ತಿರುಗಿಸಿಕೊಂಡ.

ಅವನು ಹಿತ್ತಿಲಿಂದ ಬಿಳಿ ಬಟ್ಟೆಯನ್ನು ಇಲಿಗಳ ಸಮೇತ ತಂದು ಇನ್‌ಸ್ಪೆಕ್ಟರ ಬೂಟಿನ ಮುಂದೆ ಹಾಸಿದ.

"ಹೆಂಚು ಇಳಿಸಬ್ಯಾಡಿ ಸ್ವಾಮಿ. ಇದು ಪ್ಲೇಗಲ್ಲ."

ಗೋವಿಂದಯ್ಯನವರು ಕರವಸ್ತ್ರ ಮೂಗಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಸೋಮಯ್ಯ ಬಿಡಲಿಲ್ಲ. ಬರುವ ದಾರಿಯಲ್ಲಿ ಬೇರೆ ಬೀದಿಯ ಬೋನಿನಿಂದ ತೆಗೆದು ತಂದಿದ್ದ ಮನೆ ಇಲಿಯನ್ನು ಪಕ್ಕದಲ್ಲಿಟ್ಟು ಬಾಲ ತೋರಿಸಿದ. ಉಗುರಿನ ಜೇಡಿ ತೋರಿಸಿದ. ಚಿಗಟವಿಲ್ಲದ ಬಟ್ಟೆ ತೋರಿಸಿದ. ಕೊನೆಗೆ ಎಲ್ಲರ ಮುಂದೆ ಹೊಳ್ಳೆಗೆ ಕಡ್ಡಿ ಇಟ್ಟು ಕರಿ ಮಸಿ ತೆಗೆದು ಅವರ ಕಣ್ಣಿಗೆ ಹಿಡಿದ. ಹೆಂಗಸೊಬ್ಬಳು ಓಕರಿಸುತ್ತ ಚರಂಡಿಯ ಕಡೆ ಓಡಿದಳು.

ಇನ್‌ಸ್ಪೆಕ್ಟರು ಕೆಟ್ಟವರಲ್ಲ, ಮುಟ್ಟಲು ಅಸಹ್ಯಪಡುವವರು. ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಏಣಿಯ ಮೇಲಿದ್ದ ಆಳಿಗೆ ಇಳಿಯೆಂದು ಕೈ ಮಾಡಿದರು.

ಚಿಕ್ಕಸಿದ್ದಮ್ಮ ಗಾಡಿಯ ಚಕ್ರ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಬೆಳಗಿನಿಂದ ಬಾರದ ಅಳು ಈಗ ಬಂತು.

"ಹಾಗಾದ್ರೆ ಯಾರೋ ತಂದು ಹಾಕಿದ್ದಾರೆ," ಎಂದರು ಗೋವಿಂದಯ್ಯ. "ಯಾರು?"

ಸೋಮಯ್ಯ ಇಲಿಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. ಜಗಲಿಯ ಕಡೆ ನೋಡಲಿಲ್ಲ. ಜಗಲಿಯ ಮೇಲಿನ ಬಳೆಗಳ ಸದ್ದು ನಿಂತದ್ದು ಮಾತ್ರ ಕೇಳಿಸಿತು.

"ನಿನಗೆ ಇಷ್ಟು ಗೊತ್ತಿದ್ಮೇಲೆ ಅದೂ ಗೊತ್ತಿರತ್ತೆ. ಒಂದು ಕೂಸು ಸತ್ತಿದೆ ಕಣಯ್ಯಾ. ನಾಳೆ ಹತ್ತು ಗಂಟೆಗೆ ಆಫೀಸಿಗೆ ಬಂದು ಹೆಸರು ಹೇಳು. ಇಲ್ಲಾಂದ್ರೆ ಬೀದಿಯವರು ಹೇಳೋ ಹೆಸರನ್ನೇ ಬರೆದು ಪೊಲೀಸಿಗೆ ಕಳಿಸ್ತೀನಿ."

ಬೀದಿಯವರು ಯಾರ ಹೆಸರು ಹೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ಜನ ಚದುರತೊಡಗಿದರು. ಮಂಗಳಗೌರಿಯನ್ನು ಇಬ್ಬರು ಹೆಂಗಸರು ಹಿಡಿದು ಒಳಗೆ ನಡೆಸಿದರು. ಆಗ ಗುಂಪನ್ನು ಸರಿಸಿಕೊಂಡು ಗುರುಮಲ್ಲಪ್ಪ ಬಂದರು. ಬೆಳಗಿನ ಗಂಟಲು ಇರಲಿಲ್ಲ. ಪೇಟ ಓರೆಯಾಗಿತ್ತು, ಕೈಯಲ್ಲಿ ಸಕ್ಕರೆಯ ಪೊಟ್ಟಣ. ಹೆರಿಗೆಗೆಂದು ತವರಿಗೆ ಬಂದಿದ್ದ ಅವರ ಮಗಳಿಗೆ ಮಧ್ಯಾಹ್ನ ಗಂಡುಮಗು ಆಗಿತ್ತು. ಏಳು ವರ್ಷ ಹರಕೆ ಹೊತ್ತು ಆದ ಕೂಸು.

ಅವರು ಇನ್‌ಸ್ಪೆಕ್ಟರಿಗೆ ಸಕ್ಕರೆ ಕೊಟ್ಟರು. ಚಾಮುಂಡಮ್ಮನ ಕೈಗೂ ಒಂದು ಚಿಟಿಕೆ ಹಾಕಿ, ಬಗ್ಗಿ ಮೆಲ್ಲಗೆ ಏನೋ ಕೇಳಿದರು. ಆಮೇಲೆ ಸೋಮಯ್ಯನ ಮುಂದೆ ಬಂದು ನಿಂತರು.

"ಬೆಳಗ್ಗೆ ಬಾಯಿಗ್ ಬಂದಂಗೆ ಅಂದ್ಬುಟ್ಟೆ, ಮನಸ್ಸಿಗೆ ಇಟ್ಕಬ್ಯಾಡ ಸೋಮಯ್ಯ. ನಿಮ್ಮವ್ವನ್ನ ಕೇಳಿವ್ನಿ, ಮಗ ಊಂ ಅಂದ್ರೆ ಬತ್ತೀನಿ ಅಂದ್ಲು." ಕೂಸು ಹುಟ್ಟಿದ ಸಂತೋಷಕ್ಕೆ ಅವರ ಕಣ್ಣು ಒದ್ದೆಯಾಗಿತ್ತು. "ನಾಳೆ ಬೆಳಗ್ಗೆಯಿಂದ ನಮ್ಮ ಬಾಣಂತಿಗೆ ನೀರಾಕಾಕೆ ಅವಳನ್ನ ಕಳಿಸ್ತೀಯ ತಾನೆ?"

ಸೋಮಯ್ಯ ಆಗ ಜಗಲಿಯ ಕಡೆ ನೋಡಿದ. ತಾಯಿ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಕೇಳಿಕೆಯಿತ್ತು.

ಮಾವ ಕೊಟ್ಟ ಆರರಲ್ಲಿ ಇನ್ನೂ ಮೂರು ಇಲಿಗಳು ಎಲ್ಲೋ ಇದ್ದವು.

ಗುರುಮಲ್ಲಪ್ಪ ಇನ್ನೊಮ್ಮೆ ಕೇಳಿದರು. ಸೋಮಯ್ಯ ಡಬ್ಬವನ್ನು ಹೆಗಲಿಗೇರಿಸಿದ. ಅವ್ವ ಕಾದಿದ್ದ ಊಂ ಅನ್ನದೆ, ಹಿಂದಿರುಗಿ ನೋಡದೆ, ಇಲಿ ಸುಡಲು ಹೊಳೆಯ ದಾರಿ ಹಿಡಿದು ನಡೆದುಹೋದ.